ಆಷಾಢದ ಗಾಳಿಗೆ ಎಷ್ಟು ಅಡಿಯ ಪಾಂಟೂನ್ ಬೋಟ್ ಬೇಕು?

ಪ್ರಶ್ನೆ: ನಮ್ಮದು ಕೊಪ್ಪಳ ತಾಲ್ಲೂಕು. ಮುನಿರಾಬಾದ್‌ನಿಂದ ಸ್ವಲ್ಪ ಮೇಲಕ್ಕೆ, ತುಂಗಭದ್ರಾ ಹಿನ್ನೀರಿನ ದಂಡೆಯಲ್ಲಿ ಹೊಲ ಇದೆ. ಅಲ್ಲೇ ಸಣ್ಣದೊಂದು ಹೋಂಸ್ಟೇ ಕಟ್ಟಿದ್ದೇವೆ. ಬಂದವರನ್ನು ನೀರಿನ ಮೇಲೆ ಸುತ್ತಾಡಿಸಲು ಪಾಂಟೂನ್ ಬೋಟ್, ಅಂದರೆ ಟೊಳ್ಳು ಅಲ್ಯೂಮಿನಿಯಂ ಟ್ಯೂಬುಗಳ ಮೇಲೆ ಚಪ್ಪಟೆ ಡೆಕ್ಕು ಕೂರಿಸಿದ ಬೋಟ್, ತರಬೇಕು ಅಂತಿದ್ದೇನೆ. ಒಂದು ಸಲಕ್ಕೆ 12 ಜನ ಕೂರಬೇಕು. ಎರಡು ಬೋಟ್ ನೋಡಿದ್ದೇನೆ. ಒಂದು 20 ಅಡಿಯದು, ಎರಡು ಟ್ಯೂಬ್, ಸೆಕೆಂಡ್ ಹ್ಯಾಂಡ್, ರೇಟು ಕೈಗೆಟುಕುತ್ತದೆ. ಇನ್ನೊಂದು 24 ಅಡಿ, ಮೂರು ಟ್ಯೂಬ್, ಹೊಸದು. ಅದಕ್ಕೆ ಸಾಲ ಮಾಡಬೇಕು. ಮಾರುವವರು "ಪಾಂಟೂನ್ ಮಗುಚೋದೇ ಇಲ್ಲ ಸರ್, ಚಿಕ್ಕದೇ ಸಾಕು, ಇದೇನು ಸಮುದ್ರವಾ" ಅನ್ನುತ್ತಾರೆ. ನಮ್ಮ ಅಪ್ಪ ಮಾತ್ರ "ಆಷಾಢದ ಗಾಳಿಯಾಗ ಮೀನು ಹಿಡಿಯೋರೂ ಹರಿಗೋಲು ಇಳಿಸಂಗಿಲ್ಲ, ನೀ ಏನ್ ಇಳಸ್ತಿ" ಅಂತ ತಲೆ ಆಡಿಸುತ್ತಾರೆ. ಯಾರ ಮಾತು ಕೇಳಲಿ? ಎಷ್ಟು ದೊಡ್ಡ ಬೋಟ್ ತಂದರೆ ಅಲೆ ಇದ್ದಾಗಲೂ ಧೈರ್ಯವಾಗಿ ಹೋಗಬಹುದು?

ಉತ್ತರ: ಮೊದಲು ನಿಮ್ಮ ತಂದೆಯವರ ಮಾತು. ಅದನ್ನು ಕೇಳಿ. ಅವರು ಬೋಟಿನ ಲೆಕ್ಕ ಹಾಕಿಲ್ಲದೆ ಇರಬಹುದು, ಆದರೆ ಆ ನೀರಿನ ಸ್ವಭಾವ ಅವರಿಗೆ ಗೊತ್ತು. ಬೋಟ್ ಕಟ್ಟುವ, ರಿಪೇರಿ ಮಾಡುವ ಕೆಲಸದಲ್ಲಿ ಇರುವ ನಾನು ಅವರ ಮಾತಿಗೆ ಕಾರಣ ಸೇರಿಸಬಲ್ಲೆ, ಅಷ್ಟೇ.

ಮಾರುವವರ "ಇದೇನು ಸಮುದ್ರವಾ" ಅನ್ನೋ ಮಾತಿನಿಂದಲೇ ಶುರು ಮಾಡೋಣ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಬೋಟಿಗೆ ಕಷ್ಟ ಕೊಡುವುದು ಅಲೆಯ ಎತ್ತರ ಒಂದೇ ಅಲ್ಲ. ಒಂದು ಅಲೆಗೂ ಇನ್ನೊಂದು ಅಲೆಗೂ ನಡುವಿನ ಅಂತರವೂ ಅಷ್ಟೇ ಮುಖ್ಯ. ದೂರದ ಸಮುದ್ರದಿಂದ ಉರುಳಿ ಬರುವ ಎರಡಡಿ ಅಲೆ ಹತ್ತು ಸೆಕೆಂಡಿಗೊಮ್ಮೆ ಬರುತ್ತದೆ. ಬೋಟು ನಿಧಾನ ಏರುತ್ತದೆ, ನಿಧಾನ ಇಳಿಯುತ್ತದೆ, ಕೂತವರಿಗೆ ಗೊತ್ತೂ ಆಗುವುದಿಲ್ಲ. ಜಲಾಶಯದ ಎರಡಡಿ ಅಲೆ ಮೂರು ಸೆಕೆಂಡಿಗೊಮ್ಮೆ ಹೊಡೆಯುತ್ತದೆ. ಒಂದರಿಂದ ಬೋಟು ತನ್ನ ಮೂತಿ (ಮುಂತುದಿ) ಎತ್ತುವಷ್ಟರಲ್ಲಿ ಮುಂದಿನದು ಎದುರಿಗೇ ನಿಂತಿರುತ್ತದೆ.

ಅಲೆ ಎಷ್ಟು ದೊಡ್ಡದಾಗುತ್ತದೆ ಅನ್ನೋದು ಗಾಳಿಯ ವೇಗ, ಅದು ಎಷ್ಟು ಹೊತ್ತು ಬೀಸುತ್ತದೆ, ತೆರೆದ ನೀರಿನ ಮೇಲೆ ಎಷ್ಟು ದೂರ ಓಡಿ ಬರುತ್ತದೆ ಅನ್ನೋದರ ಮೇಲೆ ನಿಂತಿದೆ. ತುಂಗಭದ್ರಾ ಜಲಾಶಯ ತುಂಬಿದಾಗ ಸುಮಾರು 378 ಚದರ ಕಿ.ಮೀ. ಹರಡುತ್ತದೆ. ಅದು ಮಲಗಿರುವ ದಿಕ್ಕು ನೋಡಿ. ನದಿ ನೈರುತ್ಯದಿಂದ ಬರುತ್ತದೆ, ಅಣೆಕಟ್ಟು ಈಶಾನ್ಯದ ತುದಿಯಲ್ಲಿದೆ. ಮುಂಗಾರಿನ ಗಾಳಿಯೂ ಪಶ್ಚಿಮ, ನೈರುತ್ಯದ ಕಡೆಯಿಂದಲೇ ಬೀಸುತ್ತದೆ. ಅಂದರೆ ಆಷಾಢದ ಗಾಳಿ ಜಲಾಶಯದ ಉದ್ದಕ್ಕೂ ಓಡಿ, ಅಲೆಗಳನ್ನು ಬೆಳೆಸುತ್ತಾ ಬೆಳೆಸುತ್ತಾ ಮುನಿರಾಬಾದ್, ಹೊಸಪೇಟೆ ಕಡೆಗೆ ತಳ್ಳುತ್ತದೆ. ನಿಮ್ಮ ಹೊಲ ಇರುವುದು ಅದೇ ತುದಿಯ ಹತ್ತಿರ.

ಅಂದಾಜು ಅಂಕಿ ಹೇಳುತ್ತೇನೆ. ಗಂಟೆಗೆ 35 ಕಿ.ಮೀ. ಗಾಳಿ 5 ಕಿ.ಮೀ. ತೆರೆದ ನೀರಿನ ಮೇಲೆ ಓಡಿದರೆ ಅಲೆ ಒಂದೂಕಾಲು ಅಡಿ ಆಗುತ್ತದೆ. ಎರಡು ಅಲೆಗಳ ನಡುವಿನ ಅಂತರ 27 ಅಡಿ ಆಸುಪಾಸು. ಅದೇ ಗಾಳಿ 15 ಕಿ.ಮೀ. ಓಡಿ ಬಂದರೆ ಅಲೆ ಎರಡಡಿ, ಅಂತರ 55 ಅಡಿ. ಇವು ದೊಡ್ಡ ಅಲೆಗಳ ಸರಾಸರಿ ಅಷ್ಟೇ. ನಡುನಡುವೆ ಇದರ ಒಂದೂವರೆ ಪಟ್ಟು, ಅಪರೂಪಕ್ಕೆ ಎರಡು ಪಟ್ಟು ಅಲೆ ಬಂದೇ ಬರುತ್ತದೆ. ನಿಮ್ಮ ಬೋಟ್ ತಯಾರಿರಬೇಕಾದದ್ದು ಆ ಅಪರೂಪದ ಅಲೆಗೆ.

ಈಗ ಆ 27 ಅಡಿ ಅಂತರವನ್ನು ಬೋಟಿನ ಉದ್ದದ ಪಕ್ಕ ಇಟ್ಟು ನೋಡಿ. ಬೋಟು ಅಲೆಯ ಅಂತರಕ್ಕಿಂತ ಸಾಕಷ್ಟು ಉದ್ದ ಇದ್ದರೆ ಎರಡು ಅಲೆಗಳ ಮೇಲೆ ಹಾಸಿಕೊಂಡು ಹೋಗುತ್ತದೆ. ಅಂತರದಷ್ಟೇ ಅಥವಾ ಅದಕ್ಕಿಂತ ಗಿಡ್ಡ ಇದ್ದರೆ ಮೂತಿ ಏರಿ ಇಳಿದು ತೂಗಾಡುತ್ತದೆ. 20 ಅಡಿಯದಕ್ಕೆ ಈ ತೊಂದರೆ ಸಣ್ಣ ಗಾಳಿಯಲ್ಲೇ ಶುರು. 24 ಅಡಿಯದು ಇನ್ನೊಂದಿಷ್ಟು ತಡೆಯುತ್ತದೆ. ಆದರೆ ಗಾಳಿ ಪೂರಾ ಉದ್ದ ಓಡಿ ಬಂದಾಗ ನಾಲ್ಕಡಿ ಹೆಚ್ಚುವರಿ ಉದ್ದದಿಂದ ಏನೂ ಆಗುವುದಿಲ್ಲ. ಆಗ ಕಾಯುವುದು ಟ್ಯೂಬುಗಳ ತೇಲುವ ಶಕ್ತಿ.

ಕೊಳ್ಳುವವರು ಸಾಮಾನ್ಯವಾಗಿ ಉದ್ದ ಕೇಳುತ್ತಾರೆ, ಸೀಟು ಎಣಿಸುತ್ತಾರೆ. ಟ್ಯೂಬಿನ ವ್ಯಾಸ ಎಷ್ಟು ಇಂಚು ಅಂತ ಕೇಳುವವರು ಕಡಿಮೆ. ನನ್ನನ್ನು ಕೇಳಿದರೆ ಅದೇ ಮೊದಲ ಪ್ರಶ್ನೆ. ತುಂಬಿದ ಬೋಟಿನಲ್ಲಿ ಟ್ಯೂಬ್ ಅರ್ಧಕ್ಕಿಂತ ಜಾಸ್ತಿ ಮುಳುಗಬಾರದು. ಉಳಿದ ಅರ್ಧವೇ ಅಲೆ ಬಂದಾಗ ಮೂತಿಯನ್ನು ಎತ್ತುವ ಬಂಡವಾಳ.

20 ಅಡಿಯ ಹಳೆಯ ಬೋಟುಗಳಲ್ಲಿ 23 ಇಂಚಿನ ಟ್ಯೂಬು ಸಾಮಾನ್ಯ. ನಿಮ್ಮದೂ ಅದೇ ಅಂದುಕೊಳ್ಳೋಣ. ಎರಡು ಟ್ಯೂಬ್ ಪೂರ್ತಿ ಮುಳುಗಿದರೆ ಎತ್ತಬಲ್ಲ ಭಾರ ಸುಮಾರು 3100 ಕಿಲೋ. ಅರ್ಧ ಅಂದರೆ 1550. ಬೋಟು, ಎಂಜಿನ್, ಪೆಟ್ರೋಲು, ಸೀಟು, ಚಾವಣಿ ಸೇರಿ ಸಾವಿರ ಕಿಲೋ ಮೇಲೆಯೇ ಹೋಗುತ್ತದೆ. ಉಳಿದದ್ದು 500 ಕಿಲೋ. ಅದು ಆರು ಜನ, ಅವರ ಬ್ಯಾಗು, ಬೋಟ್ ನಡೆಸುವವನು, ಮುಗಿಯಿತು. ನೀವು 12 ಜನರನ್ನು ಕೂರಿಸಿದರೆ ಟ್ಯೂಬ್ ಶೇ. 60ರಷ್ಟು ಮುಳುಗುತ್ತದೆ. ನೀರಿನ ಮೇಲೆ ಉಳಿಯುವುದು ಒಂಬತ್ತು ಹತ್ತು ಇಂಚು. ನಿಂತ ನೀರಿನಲ್ಲಿ ಅದು ಚೆನ್ನಾಗಿಯೇ ತೇಲುತ್ತದೆ. ಮಾರುವವರು ತೋರಿಸುವುದೂ ನಿಂತ ನೀರಿನಲ್ಲೇ.

24 ಅಡಿಯ, 25 ಇಂಚಿನ ಮೂರು ಟ್ಯೂಬ್ ಬೋಟಿನ ಒಟ್ಟು ಶಕ್ತಿ 6700 ಕಿಲೋ ಆಸುಪಾಸು. ಬೋಟಿನ ಭಾರವೇ 1500, 1600 ಕಿಲೋ ಆಗಬಹುದು. ಆದರೂ 12 ಜನ ಕೂತಾಗ ಶೇ. 40ಕ್ಕಿಂತ ಕಡಿಮೆ ಮುಳುಗುತ್ತದೆ. ನೀರಿನ ಮೇಲೆ 15 ಇಂಚು ಉಳಿಯುತ್ತದೆ. ಹತ್ತಕ್ಕೂ ಹದಿನೈದಕ್ಕೂ ಕಾಗದದ ಮೇಲೆ ವ್ಯತ್ಯಾಸ ಸಣ್ಣದು. ಅಲೆಯ ನೆತ್ತಿ ಡೆಕ್ಕಿನ ಕೆಳಗಿನ ಅಡ್ಡಪಟ್ಟಿಗಳಿಗೆ ಬಡಿಯುತ್ತದೋ ಇಲ್ಲವೋ ಅನ್ನೋದು ಆ ಐದು ಇಂಚಿನಲ್ಲೇ ತೀರ್ಮಾನ ಆಗುತ್ತದೆ. ಬಡಿಯತೊಡಗಿದರೆ ಬೋಟಿನ ವೇಗ ಸಾಯುತ್ತದೆ, ವೆಲ್ಡಿಂಗ್ ಸಡಿಲ ಆಗುತ್ತದೆ, ಕೂತವರು ಹೆದರಿ ಎದ್ದು ನಿಲ್ಲುತ್ತಾರೆ. ಡೆಕ್ಕಿನ ಅಡಿಗೆ ಅಲ್ಯೂಮಿನಿಯಂ ಶೀಟು ಹೊದಿಸಿದ್ದರೆ ಈ ಹೊಡೆತ ಬಹಳ ಕಡಿಮೆ ಆಗುತ್ತದೆ. ಕೇಳಿ ಹಾಕಿಸಿಕೊಳ್ಳಿ.

ಮೂರನೇ ಟ್ಯೂಬಿನಿಂದ ಇನ್ನೊಂದು ಅನುಕೂಲ ಇದೆ. ಎರಡು ಟ್ಯೂಬಿನ ಬೋಟು ಜೋರಾಗಿ ತಿರುಗಿದಾಗ ಹೊರಗಡೆಗೆ ವಾಲುತ್ತದೆ. ನಡುವೆ ಮೂರನೆಯದು, ಅದೂ ಸ್ವಲ್ಪ ತಗ್ಗಿನಲ್ಲಿ ಇದ್ದರೆ, ಒಳಗಡೆಗೆ ವಾಲುತ್ತದೆ. ಕೂತವರು ಜಾರುವುದಿಲ್ಲ.

"ಮಗುಚೋದೇ ಇಲ್ಲ" ಅನ್ನೋ ಮಾತು ಅರ್ಧ ಸತ್ಯ. ಎಂಟೂವರೆ ಅಡಿ ಅಗಲ, ಎರಡು ಅಂಚಿಗೂ ಟ್ಯೂಬು, ಹಾಗಾಗಿ ಪಕ್ಕಕ್ಕೆ ವಾಲುವುದು ನಿಜಕ್ಕೂ ಕಷ್ಟ. ಮಕ್ಕಳು ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿದರೂ ಸಹಿಸುತ್ತದೆ. ಪಾಂಟೂನಿನ ಬಲಹೀನತೆ ಪಕ್ಕದಲ್ಲಿಲ್ಲ, ಮುಂದಿದೆ. ಡೆಕ್ಕು ಚಪ್ಪಟೆ, ಮೂತಿಯವರೆಗೂ ಒಂದೇ ಮಟ್ಟ. ಸಾಮಾನ್ಯ ಬೋಟಿಗೆ ಇರುವಂತೆ ಎತ್ತಿದ, ಚೂಪಾದ ಮುಂಬದಿ ಇಲ್ಲ. ಮೂತಿ ಒಂದು ಸಲ ಅಲೆಯೊಳಗೆ ಹೊಕ್ಕರೆ ನೀರು ನೇರ ಡೆಕ್ಕಿನ ಮೇಲೆ ನುಗ್ಗುತ್ತದೆ. 20 ಅಡಿ ಡೆಕ್ಕಿನ ಮೇಲೆ ಒಂದೇ ಒಂದು ಇಂಚು ನೀರು ನಿಂತರೂ ಅದು 400 ಕಿಲೋ. ಮುಂಭಾಗದಲ್ಲಷ್ಟೇ ಮೂರು ಇಂಚು ನಿಂತರೆ ಅರ್ಧ ಟನ್ ಹತ್ತಿರ. ಆ ಭಾರ ಮೂತಿಯನ್ನು ಇನ್ನಷ್ಟು ಒತ್ತುತ್ತದೆ, ಮುಂದಿನ ಅಲೆ ಇನ್ನಷ್ಟು ಸುಲಭವಾಗಿ ಹತ್ತುತ್ತದೆ. ಫೋಟೋ ತೆಗೆಯಲು ಎಲ್ಲರೂ ಮುಂದಿನ ಗೇಟಿನ ಹತ್ತಿರ ಬಂದು ನಿಂತಿದ್ದರಂತೂ ಹೇಳೋದೇ ಬೇಡ. ನೀವು ಒಕ್ಕಲುತನದವರು, ಬಂಡಿ ಮುಂಭಾರ ಆದರೆ ಎತ್ತಿನ ಹೆಗಲು ಏನಾಗುತ್ತದೆ ಅಂತ ನಿಮಗೆ ಗೊತ್ತು. ಪಾಂಟೂನ್ ಯಾವಾಗಲೂ ಸ್ವಲ್ಪ ಹಿಂಭಾರ ಇರಬೇಕು.

ನಿಮ್ಮ ಜಾಗಕ್ಕೆ ಸಂಬಂಧಿಸಿದ ಒಂದು ಅಪಾಯ ಇಲ್ಲೇ ಹೇಳಬೇಕು. ನೀವು ಹೊರಡುವಾಗ ಗಾಳಿಗೆ ಎದುರು ಹೋಗುತ್ತೀರಿ. ಮೈಮೇಲೆ ನೀರು ಸಿಡಿಯುತ್ತದೆ, ಬೋಟು ಕುಲುಕುತ್ತದೆ. ವಾಪಸ್ ಬರುವಾಗ ಗಾಳಿ ಬೆನ್ನಿಗೆ. ಕುಲುಕಾಟ ನಿಂತಂತೆ ಅನ್ನಿಸುತ್ತದೆ, ನಡೆಸುವವನು ನಿರಾಳ ಆಗಿ ವೇಗ ಹೆಚ್ಚಿಸುತ್ತಾನೆ. ಮೂತಿ ಮುಳುಗುವುದು ಜಾಸ್ತಿ ಆಗಲೇ. ಬೋಟು ಹಿಂದಿನ ಅಲೆಯ ಬೆನ್ನಿನಿಂದ ಜಾರಿ ಮುಂದಿನ ಅಲೆಯ ಬೆನ್ನಿಗೆ ತಿವಿಯುತ್ತದೆ. ವಾಪಸ್ ದಾರಿಯಲ್ಲಿ ಅಲೆಯ ವೇಗಕ್ಕಿಂತ ತುಸು ನಿಧಾನ ಬನ್ನಿ, ಜನರನ್ನು ಹಿಂದಕ್ಕೆ ಕೂರಿಸಿ, ಎಂಜಿನ್ನಿನ ಓರೆ ಬದಲಿಸಿ ಮೂತಿ ಸ್ವಲ್ಪ ಎತ್ತಿಟ್ಟುಕೊಳ್ಳಿ. ಎದುರು ಹೋಗುವಾಗ ನೇರ ಗುದ್ದದೆ ಓರೆಯಾಗಿ ಅಲೆ ದಾಟಿ. ಯಾವ ದಿಕ್ಕಿನಲ್ಲೇ ಇರಲಿ, ಹೆದರಿಕೆಯಾಯಿತು ಅಂತ ಒಮ್ಮೆಲೇ ಥ್ರಾಟಲ್ ಬಿಟ್ಟುಬಿಡಬೇಡಿ. ಮೂತಿ ದಪ್ಪನೆ ಕುಸಿಯುತ್ತದೆ.

ಎಂಜಿನ್ ಕೆಟ್ಟರೆ? ಮುಂಗಾರಿನಲ್ಲಿ ಗಾಳಿ ನಿಮ್ಮನ್ನು ಒಯ್ಯುವುದು ಅಣೆಕಟ್ಟಿನ ಕಡೆಗೆ. ಅಲ್ಲಿ ಹೆಚ್ಚುವರಿ ನೀರು ಹೊರಬಿಡುವ 33 ಕ್ರೆಸ್ಟ್ ಗೇಟುಗಳಿವೆ. ತುಂಬಿದ ದಿನಗಳಲ್ಲಿ ಅವು ತೆರೆದಿರಬಹುದು. ಕಲ್ಲಿನ ಗೋಡೆಗೆ ಬಡಿದು ಹಿಂತಿರುಗುವ ಅಲೆಗಳು ಬರುವ ಅಲೆಗಳ ಜತೆ ಸೇರಿ ನೀರನ್ನು ಕದಡುತ್ತವೆ. ಅಲ್ಲಿ ಆಳವೂ ಜಾಸ್ತಿ, ಲಂಗರು ಹಿಡಿಯಬೇಕಾದರೆ ಹಗ್ಗ ಆಳದ ಐದರಿಂದ ಏಳು ಪಟ್ಟು ಉದ್ದ ಬೇಕು. ಚಾವಣಿ ಮತ್ತು ರೇಲಿಂಗ್ ಪರದೆ ಗಾಳಿಗೆ ಪಟದಂತೆ ಸಿಕ್ಕಿ ಪಾಂಟೂನನ್ನು ಬೇಗ ಎಳೆದೊಯ್ಯುತ್ತವೆ. ಅದಕ್ಕೇ ನಾನು ಎರಡನೇ ಸಣ್ಣ ಎಂಜಿನ್ ಇಲ್ಲದ ಬೋಟಿನಲ್ಲಿ ಪ್ರವಾಸಿಗರನ್ನು ಹತ್ತಿಸಬೇಡಿ ಅನ್ನುತ್ತೇನೆ. 10 ಎಚ್‌ಪಿಯದಾದರೂ ಸರಿ, ಬೇರೆ ಟ್ಯಾಂಕಿನಿಂದ ಓಡುವಂಥದ್ದು. ಲಂಗರು ಮೂತಿಯಲ್ಲೇ ಕಟ್ಟಿಟ್ಟು ರೆಡಿ ಇರಲಿ, ಆಳದ ಕಡೆ ತೇಲಿ ಹೋಗುವ ಮೊದಲೇ ಬಿಡಬೇಕು. ಚಾವಣಿ ಮಡಚುವಂಥದ್ದಿರಲಿ.

ದೊಡ್ಡ ಎಂಜಿನ್ ಹಾಕಿದರೆ ಅಲೆ ಸೀಳಿಕೊಂಡು ಹೋಗಬಹುದು ಅಂತಲೂ ಕೆಲವರು ಹೇಳುತ್ತಾರೆ. ನಂಬಬೇಡಿ. ಗಾಳಿಗೆ ಎದುರು ಹಿಡಿತ ಉಳಿಸಿಕೊಳ್ಳಲು ಶಕ್ತಿ ಬೇಕು, ನಿಜ. 24 ಅಡಿಯ ಮೂರು ಟ್ಯೂಬಿಗೆ 90ರಿಂದ 115 ಎಚ್‌ಪಿ ನಿಮ್ಮ ಕೆಲಸಕ್ಕೆ ಸಾಕು. ಅದಕ್ಕಿಂತ ಹೆಚ್ಚಿನದು ಹಿಂಬದಿಗೆ ಭಾರ, ಜೇಬಿಗೆ ಖರ್ಚು. ಅಲೆಯಲ್ಲಿ ವೇಗ ಅಪಾಯವನ್ನೇ ಹೆಚ್ಚಿಸುತ್ತದೆ.

ಹಾಗಾದರೆ ಏನು ತರಬೇಕು?

12 ಜನ ಅನ್ನೋದು ನಿಮ್ಮ ಗಟ್ಟಿ ಲೆಕ್ಕವಾದರೆ 24 ಅಡಿಯ ಮೂರು ಟ್ಯೂಬಿನ ಬೋಟೇ ತನ್ನಿ. ಬೋಟಿಗೆ ಹೊಡೆದಿರುವ ಸಾಮರ್ಥ್ಯದ ಫಲಕದ ಮೇಲೆ 14 ಜನ ಅಂತ ಬರೆದಿದ್ದರೂ ನೀವು ನಡೆಸುವವನೂ ಸೇರಿ 12ಕ್ಕೆ ನಿಲ್ಲಿಸಿ. ಸಾಲದ ಚಿಂತೆ ನನಗೆ ಅರ್ಥ ಆಗುತ್ತದೆ. ಜೋರು ಗಾಳಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೋಟು ಬಹುತೇಕ ದಂಡೆಯಲ್ಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ದಂಡೆ ದೂರ ಸರಿಯುತ್ತದೆ. ಕೆಸರಿನಲ್ಲಿ ಭಾರದ ಬೋಟು ಇಳಿಸುವುದು, ಎಳೆಯುವುದು ಎರಡೂ ಪಾಡು. ಹೂಳು ಎಷ್ಟು ತುಂಬಿದೆ ಅಂತ ನಿಮಗೇ ಗೊತ್ತು. ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಈಗ 105.788 ಟಿಎಂಸಿಗೆ ಇಳಿದಿದೆ. ಹಾಗಾಗಿ ದುಡಿಮೆಯ ತಿಂಗಳು ಮುಖ್ಯವಾಗಿ ಅಕ್ಟೋಬರ್‌ನಿಂದ ಫೆಬ್ರವರಿ. ಸಾಲದ ಕಂತನ್ನು ಆ ಐದು ತಿಂಗಳ ಆದಾಯದ ಮೇಲೆ ಲೆಕ್ಕ ಹಾಕಿ. ಹನ್ನೆರಡು ತಿಂಗಳ ಆದಾಯ ಅಂತ ಹಾಕಿದರೆ ಕಂತು ಕಟ್ಟಲು ಆಷಾಢದಲ್ಲೂ ಬೋಟ್ ಇಳಿಸುವ ಒತ್ತಡ ಬರುತ್ತದೆ. ದೊಡ್ಡ ಬೋಟಿನಲ್ಲಿ ನನಗೆ ಹೆಚ್ಚು ಭಯ ಇರುವುದು ಇದರ ಬಗ್ಗೆಯೇ.

ಮಧ್ಯದ ದಾರಿಯೂ ಉಂಟು. 22 ಅಡಿ, 25 ಇಂಚಿನ ಎರಡು ಟ್ಯೂಬು. ಅರ್ಧ ಮುಳುಗುವ ಲೆಕ್ಕದಲ್ಲಿ ಸುಮಾರು 900 ಕಿಲೋ ಹೊರುತ್ತದೆ. ಎಂಟು ಜನರಿಗೆ ನಿರಾಳ. ಒಂದೇ ಸಲ 12 ಜನ ಹೋಗಲೇಬೇಕಾ ಅಂತ ಮನೆಯಲ್ಲಿ ಕೂತು ಯೋಚಿಸಿ. ಎರಡು ಸರದಿ ಮಾಡಿದರೆ ಸಾಲವೇ ಬೇಡವಾಗಬಹುದು.

20 ಅಡಿಯ ಹಳೆಯದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಚಳಿಗಾಲದ ಬೆಳಗಿನ ಹೊತ್ತು, ದಂಡೆಯ ಆಸರೆಯಲ್ಲಿ, ಆರು ಜನ. ಅಷ್ಟಕ್ಕೆ ಸರಿ. ಆದರೆ ಸೆಕೆಂಡ್ ಹ್ಯಾಂಡ್ ಪಾಂಟೂನಿನ ರೋಗ ಟ್ಯೂಬಿನ ಒಳಗೆ ಇರುತ್ತದೆ. ಬೋಟನ್ನು ನೆಲಕ್ಕೆ ಏರಿಸಿ, ಟ್ಯೂಬಿನ ಉದ್ದಕ್ಕೂ ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ನೀರು ಇದ್ದ ಕಡೆ ಸದ್ದು ಮಂದವಾಗುತ್ತದೆ. ಟ್ಯೂಬಿನೊಳಗೆ ಅಡ್ಡಗೋಡೆಗಳಿವೆಯಾ ಕೇಳಿ. ಇದ್ದರೆ ಒಂದು ಕೋಣೆ ತೂತಾದರೂ ಉಳಿದವು ತೇಲಿಸುತ್ತವೆ. ಇಲ್ಲದಿದ್ದರೆ ನೀರಿನಡಿಯ ಒಂದು ಬಂಡೆ ತರಚಿದರೆ ಪೂರಾ ಟ್ಯೂಬು ಹೋಯಿತು. ನಮ್ಮ ಕಡೆ ನೀರಿನಡಿ ಬಂಡೆ, ಮರದ ಬೊಡ್ಡೆ ಎರಡಕ್ಕೂ ಬರ ಇಲ್ಲ, ನೀರು ಇಳಿಯುತ್ತಾ ಬಂದಂತೆ ಅವು ದಿನಕ್ಕೊಂದು ಮಟ್ಟದಲ್ಲಿ ಕಾದಿರುತ್ತವೆ. ಅಡ್ಡಪಟ್ಟಿ ಟ್ಯೂಬಿಗೆ ಸೇರುವ ಜಾಗದಲ್ಲಿ ಕೂದಲೆಳೆಯ ಬಿರುಕು ಹುಡುಕಿ. ಅಲ್ಯೂಮಿನಿಯಂಗೆ ಸಾದಾ ಕಬ್ಬಿಣದ ಬೋಲ್ಟು ಹಾಕಿದ್ದರೆ ಸುತ್ತ ಬಿಳಿ ಪುಡಿ ಕಾಣುತ್ತದೆ. ಆ ಜಾಗ ಒಳಗೊಳಗೇ ತಿಂದುಹೋಗಿರುತ್ತದೆ.

ಊರಲ್ಲೇ ಕಬ್ಬಿಣದ ಪೈಪೋ ಪ್ಲಾಸ್ಟಿಕ್ ಡ್ರಮ್ಮೋ ಜೋಡಿಸಿ ಅಗ್ಗದಲ್ಲಿ ಮಾಡಿಸಬಹುದು ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಡ್ರಮ್ಮು ತೇಲುವ ಜೆಟ್ಟಿಗೆ ಒಳ್ಳೆಯದು, ಅಲೆಯಲ್ಲಿ ಜನ ಹೊರಲು ಅಲ್ಲ. ಚಾವಣಿಯ ಮೇಲೂ ಜನ ಕೂರುವಂತೆ ಮಾಡಿಸುವ ಯೋಚನೆಯನ್ನು ಅಲ್ಲೇ ಬಿಡಿ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮೀನುಗಾರಿಕೆ ಬೋಟನ್ನು ಎರಡು ಅಂತಸ್ತಿನ ಪ್ರವಾಸಿ ಬೋಟ್ ಮಾಡಿ, ಮಿತಿ ಮೀರಿ ಜನ ತುಂಬಿದ್ದರು. ಅದು ಮಗುಚಿ 22 ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಭಾರ ಮೇಲಕ್ಕೆ ಏರಿದಷ್ಟೂ ಯಾವ ಬೋಟಾದರೂ ಮಗುಚಲು ಹತ್ತಿರವಾಗುತ್ತದೆ. ಪಾಂಟೂನ್ ಇದಕ್ಕೆ ಹೊರತಲ್ಲ.

ಅಲೆ ಇದ್ದಾಗಲೂ ಓಡಿಸಲೇಬೇಕು ಅನ್ನೋದು ನಿಮ್ಮ ನಿಜವಾದ ಅಗತ್ಯವಾದರೆ ಪಾಂಟೂನೇ ಸರಿಯಾದ ಆಯ್ಕೆ ಅಲ್ಲ. ಚೂಪು ತಳದ, ಎತ್ತರದ ಮೂತಿಯ 20 ಅಡಿ ಫೈಬರ್ ಬೋಟು 24 ಅಡಿ ಪಾಂಟೂನಿಗಿಂತ ಒರಟು ನೀರನ್ನು ಚೆನ್ನಾಗಿ ತಡೆಯುತ್ತದೆ. ಜನ ಕಡಿಮೆ ಹಿಡಿಸುತ್ತಾರೆ, ಅಜ್ಜ ಅಜ್ಜಿಯರು ಹತ್ತಿ ಇಳಿಯಲು ಕಷ್ಟ, ಪಾಂಟೂನಿನ ಮನೆಯಂಗಳದ ಸುಖ ಅದರಲ್ಲಿಲ್ಲ. ನಿಮ್ಮ ಹೋಂಸ್ಟೇಗೆ ಬರುವವರು ಸಂಸಾರವಂದಿಗರಾದರೆ ಪಾಂಟೂನೇ ಇರಲಿ, ದಿನ ನೋಡಿ ಇಳಿಸಿ.

ದಿನ ನೋಡುವುದು ಹೇಗೆ ಅಂದರೆ, ಗಾಳಿ ಗಂಟೆಗೆ 20 ಕಿ.ಮೀ. ದಾಟಿದರೆ ನೀರಿನ ತುಂಬ ಅಲೆಗಳ ತಲೆ ಬಿಳಿಯಾಗಲು ಶುರುವಾಗುತ್ತದೆ. ದಂಡೆಯಲ್ಲಿ ನಿಂತು ನೋಡಿದಾಗ ದೂರದ ನೀರಿನಲ್ಲೂ ಬಿಳಿ ನೊರೆ ಕಂಡರೆ ಅವತ್ತು ಹೊರಡಬೇಡಿ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಇನ್ನೂ ಮೋಸದ್ದು. ಮಧ್ಯಾಹ್ನದವರೆಗೂ ಎಲೆ ಅಲ್ಲಾಡುವುದಿಲ್ಲ, ಸಂಜೆ ಮೋಡ ಕಟ್ಟಿ ಹತ್ತೇ ನಿಮಿಷದಲ್ಲಿ ಗಾಳಿ ಎರಗುತ್ತದೆ. ಆ ತಿಂಗಳುಗಳಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಬೋಟು ದಂಡೆಯಲ್ಲಿರಲಿ. ಮೀನುಗಾರರು ಹರಿಗೋಲು ಎಳೆದು ಬೋರಲು ಹಾಕಿದ್ದರೆ ಫೋನಿನ ಹವಾಮಾನ ಏನೇ ಹೇಳಲಿ, ನೀವೂ ನಿಲ್ಲಿಸಿ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಎಂಜಿನ್ ಇರುವ ಬೋಟಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ತಪಾಸಣೆ, ನೋಂದಣಿ ಆಗಬೇಕು. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ. ಜಲಾಶಯ ತುಂಗಭದ್ರಾ ಮಂಡಳಿಯ ಕೈಯಲ್ಲಿದೆ. ಅಲ್ಲಿನ ಲಿಖಿತ ಅನುಮತಿ ಕೈಗೆ ಬರುವ ಮೊದಲು ಯಾವ ಬೋಟಿಗೂ ಅಡ್ವಾನ್ಸ್ ಕೊಡಬೇಡಿ. ಲೈಫ್ ಜಾಕೆಟ್ ಸೀಟಿನಡಿ ಇದ್ದರೆ ಇಲ್ಲದ ಹಾಗೆಯೇ. ಹತ್ತುವ ಮೊದಲೇ ಮೈಮೇಲೆ ಇರಬೇಕು, ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಬೇಕು.

ಯಾವ ಬೋಟನ್ನು ಆರಿಸಿದರೂ ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಸಿ. 12 ಜನರ ಬದಲು ಅಷ್ಟೇ ತೂಕದ ಮರಳು ಚೀಲ ಹೇರಿ, ಟ್ಯಾಂಕ್ ತುಂಬಿಸಿ, ಬೋಟನ್ನು ನೀರಿಗೆ ಬಿಡಿ. ಮೂತಿಯ ಹತ್ತಿರ ಒಂದು, ಹಿಂಬದಿಯಲ್ಲಿ ಒಂದು, ಟ್ಯೂಬು ನೀರಿನ ಮೇಲೆ ಎಷ್ಟು ಇಂಚು ಉಳಿದಿದೆ ಅಂತ ಟೇಪು ಹಿಡಿದು ಅಳೆಯಿರಿ. ಆಮೇಲೆ ಮೂರು ಚೀಲವನ್ನು ಮೂತಿಗೆ ಎಳೆದು ಮತ್ತೆ ಅಳೆಯಿರಿ. ಮೂತಿಯಲ್ಲಿ 12 ಇಂಚಿಗಿಂತ ಕಡಿಮೆ ಬಂದರೆ ಆ ಬೋಟು ನಿಮ್ಮ ನೀರಿಗೆ ಚಿಕ್ಕದು. ಅಳತೆ ಬರೆದು ನನಗೆ ಕಳಿಸಿ, ಟ್ಯೂಬಿನ ವ್ಯಾಸವನ್ನೂ ಜತೆಗೆ ಬರೆಯಿರಿ. ಎಷ್ಟು ಜನರಿಗೆ ನಿಲ್ಲಿಸಬೇಕು ಅಂತ ಲೆಕ್ಕ ಮಾಡಿ ತಿಳಿಸುತ್ತೇನೆ.